ಟವರ್ ನೆಟ್ ಮನೆಗೆ ಸಾಕೇ?

ಮಲೆನಾಡಿನ ಯಾವುದಾದರೂ ಒಂಟಿಮನೆಗೆ ಹೋಗಿ “ಇಲ್ಲಿ ನೆಟ್ ಇದೆಯಾ?” ಎಂದು ಕೇಳಿ ನೋಡಿ. ಉಪ್ಪರಿಗೆಯ ಕಿಟಕಿ ಹತ್ತಿರ ಎರಡು ಪಾಯಿಂಟ್ ಬರುತ್ತದೆ, ಅಂಗಳದ ತುದಿಗೆ ಹೋದರೆ ವಿಡಿಯೊ ಕಾಲೂ ಆಗುತ್ತದೆ, ಅಡುಗೆಮನೆಯಲ್ಲಿ ಮಾತ್ರ ರಿಂಗೇ ಆಗುವುದಿಲ್ಲ ಎಂಬಂಥ ಉತ್ತರ ಸಿಗುತ್ತದೆ. ಬೆಂಗಳೂರಿನ ಬಾಡಿಗೆ ಮನೆಯ ಉತ್ತರ ಇನ್ನೊಂದು ಬಗೆಯದು. ಮಾಲೀಕರು ಗೋಡೆಗೆ ತೂತು ಹೊಡೆಯಲು ಬಿಡುವುದಿಲ್ಲ, ಆರು ತಿಂಗಳಿಗೆ ಮನೆ ಬದಲಾಗುತ್ತದೆ, ಹಾಗಾಗಿ ಫೋನಿನ ಹಾಟ್‌ಸ್ಪಾಟ್‌ನಲ್ಲೇ ಆಫೀಸಿನ ಕೆಲಸ. ಎರಡು ಮನೆಗಳೂ ನೆಚ್ಚಿಕೊಂಡಿರುವುದು ಹೊರಗಿನ ಮೊಬೈಲ್ ಟವರನ್ನೇ.

ಇಂಥ ಮನೆಗಳು ಎಷ್ಟಿವೆ ಎಂಬುದಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಅಂಕಿಗಳನ್ನು ನೋಡಬಹುದು. 2025ರ ಮಧ್ಯದ ಹೊತ್ತಿಗೆ ಭಾರತದ ಬ್ರಾಡ್‌ಬ್ಯಾಂಡ್ ಸಂಪರ್ಕಗಳು 95 ಕೋಟಿ ದಾಟಿದ್ದವು. ಅವುಗಳಲ್ಲಿ ತಂತಿಯನ್ನೋ ಫೈಬರನ್ನೋ ಎಳೆದು ಕೊಟ್ಟವು ನಾಲ್ಕು ಕೋಟಿಯ ಆಸುಪಾಸು. ಅದರಲ್ಲೂ ಕಚೇರಿ, ಅಂಗಡಿ, ಬ್ಯಾಂಕುಗಳ ಪಾಲು ಸೇರಿದೆ. 2011ರ ಜನಗಣತಿಯ ಕಾಲಕ್ಕೇ ದೇಶದಲ್ಲಿ 24 ಕೋಟಿಗೂ ಹೆಚ್ಚು ಕುಟುಂಬಗಳಿದ್ದವು. ಹೆಚ್ಚಿನ ಮನೆಗಳ ಮಟ್ಟಿಗೆ ಮೊಬೈಲ್ ಜಾಲವೇ ಮನೆಯ ಇಂಟರ್‌ನೆಟ್ ಎಂಬುದು ಯಾರೂ ಕುಳಿತು ತೀರ್ಮಾನಿಸದೆಯೇ ತೀರ್ಮಾನವಾಗಿಬಿಟ್ಟಿದೆ. ಆ ಇಂಟರ್‌ನೆಟ್ ಮನೆಯ ಬಳಕೆಗೆ ತಕ್ಕಂಥದ್ದೇ, ಯಾವಾಗ ಹೌದು, ಯಾವಾಗ ಅಲ್ಲ ಎಂಬುದನ್ನು ಮಾತ್ರ ನಾವಿನ್ನೂ ಸರಿಯಾಗಿ ಕೇಳಿಕೊಂಡಿಲ್ಲ. ಟವರ್‌ನ ಬುಡಕ್ಕೆ ಫೈಬರ್ ಬಂದಿದ್ದರೆ, ಒಂದು ಟವರನ್ನು ಹಂಚಿಕೊಳ್ಳುವ ಮನೆಗಳಿಗೆ ಮಿತಿಯಿದ್ದರೆ, ಮೊಬೈಲ್ ಜಾಲ ಮನೆಗೆ ಚೆನ್ನಾಗಿಯೇ ಒದಗುತ್ತದೆ ಎಂಬುದು ನನ್ನ ನಂಬಿಕೆ. ಆ ಎರಡರಲ್ಲಿ ಒಂದು ತಪ್ಪಿದರೂ ಸಂಜೆ ಎಂಟರ ನಂತರ ಅದು ಇದ್ದೂ ಇಲ್ಲದಂತೆ.

ಗಾಳಿಯಲ್ಲಿ ಮನೆಗೆ ಸಂಪರ್ಕ ಕೊಡುವ ಯೋಚನೆ ನಮಗೆ ಹೊಸದಲ್ಲ. 1990ರ ದಶಕದಲ್ಲಿ ಮದ್ರಾಸಿನ ಐಐಟಿಯಲ್ಲಿ ಅಶೋಕ್ ಝುನ್‌ಝುನ್‌ವಾಲಾ ಅವರ ತಂಡ ಕಾರ್‌ಡೆಕ್ಟ್ ಎಂಬ ವ್ಯವಸ್ಥೆ ರೂಪಿಸಿತು. ಹಳ್ಳಿಯ ಮನೆಗೆ ತಾಮ್ರದ ತಂತಿ ಎಳೆಯುವ ಖರ್ಚು ಉಳಿಸಿ, ಮಾಡಿನ ಮೇಲಿನ ಪುಟ್ಟ ಆಂಟೆನಾದ ಮೂಲಕ ಫೋನನ್ನೂ 35ರಿಂದ 70 ಕೆಬಿಪಿಎಸ್ ವೇಗದ ಇಂಟರ್‌ನೆಟ್ಟನ್ನೂ ಕೊಡುವ ಪ್ರಯತ್ನ ಅದು. ಮುಂದೆ ಬಿಎಸ್‌ಎನ್‌ಎಲ್‌ನ ಡಬ್ಲ್ಯುಎಲ್‌ಎಲ್ ಎಂಬ ತಂತಿಯಿಲ್ಲದ ಫೋನುಗಳು ಬಂದವು. ಅಂಗಳದಲ್ಲಿ ಅಡಿಕೆ ಮರವನ್ನೋ ಕಬ್ಬಿಣದ ಪೈಪನ್ನೋ ನೆಟ್ಟು ತುದಿಗೆ ಆಂಟೆನಾ ಕಟ್ಟಿದ ಮನೆಗಳನ್ನು ಮಲೆನಾಡಿನವರು, ಕರಾವಳಿಯವರು ಮರೆತಿರಲಿಕ್ಕಿಲ್ಲ. 2005ರ ಜನವರಿಯಲ್ಲಿ ಲ್ಯಾಂಡ್‌ಲೈನ್ ಮೇಲೆ ಬ್ರಾಡ್‌ಬ್ಯಾಂಡ್ ಶುರುವಾದಾಗ ಪೇಟೆಯ ಹತ್ತಿರದವರಿಗೆ ಒಂದು ದಾರಿ ತೆರೆಯಿತು. ತೋಟದ ನಡುವಿನ ಮನೆಗಳಿಗೆ ಆ ದಾರಿ ಹೆಚ್ಚು ಕಾಲ ಉಳಿಯಲಿಲ್ಲ. ಪ್ರತಿ ಮಳೆಗಾಲದಲ್ಲೂ ಮರ ಬಿದ್ದು ತಂತಿ ಹರಿಯುತ್ತಿತ್ತು, ಲೈನ್‌ಮ್ಯಾನ್‌ಗಳು ನಿವೃತ್ತರಾಗುತ್ತಾ ಹೋದರು, ಜನ ಫೋನನ್ನು ವಾಪಸ್ ಕೊಟ್ಟರು.

ಆಮೇಲೆ ಡಾಂಗಲ್ ಕಾಲ. ಲ್ಯಾಪ್‌ಟಾಪಿಗೆ ಚುಚ್ಚುವ ಟಾಟಾ ಫೋಟಾನ್ ಪ್ಲಸ್, ರಿಲಯನ್ಸ್ ನೆಟ್‌ಕನೆಕ್ಟ್, ಬಿಎಸ್‌ಎನ್‌ಎಲ್‌ನ ಇವಿಡಿಒ ಕಡ್ಡಿಗಳು ಕಾಗದದ ಮೇಲೆ 3.1 ಎಂಬಿಪಿಎಸ್ ಹೇಳುತ್ತಿದ್ದವು. ಸಿಗುತ್ತಿದ್ದುದು ಅದರ ಚೂರು. ಈ ಚರಿತ್ರೆಯಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. 2010ರ ಜೂನ್‌ನಲ್ಲಿ ಮುಗಿದ ನಿಸ್ತಂತು ಬ್ರಾಡ್‌ಬ್ಯಾಂಡ್ ತರಂಗಗುಚ್ಛದ ಹರಾಜಿನಲ್ಲಿ ಏರ್‌ಟೆಲ್ ನಾಲ್ಕು ವಲಯಗಳನ್ನು ಗೆದ್ದಿತು, ಅವುಗಳಲ್ಲಿ ಕರ್ನಾಟಕ ಒಂದು. 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲಿ ದೇಶದ ಮೊದಲ 4ಜಿ ಸೇವೆ ಶುರುವಾಯಿತು. ಮರುತಿಂಗಳೇ ಬೆಂಗಳೂರಿಗೆ ಬಂತು. ಆಗ ಕೈಯಲ್ಲಿ ಹಿಡಿಯುವ 4ಜಿ ಫೋನು ಇಲ್ಲಿ ಹೆಸರಿಗೂ ಇರಲಿಲ್ಲ. ಕಂಪನಿ ಮಾರಿದ್ದು ಡಾಂಗಲ್ ಮತ್ತು ಮನೆಯೊಳಗೆ ಇಡುವ ಪೆಟ್ಟಿಗೆಗಳನ್ನು. ಭಾರತದಲ್ಲಿ 4ಜಿ ಹುಟ್ಟಿದ್ದೇ ಮನೆ ಇಂಟರ್‌ನೆಟ್ಟಾಗಿ. ಅದೇ ಹರಾಜಿನಲ್ಲಿ ಎಲ್ಲ 22 ವಲಯಗಳನ್ನೂ ಗೆದ್ದ ಇನ್ಫೋಟೆಲ್ ಎಂಬ ಸಣ್ಣ ಕಂಪನಿಯನ್ನು ರಿಲಯನ್ಸ್ ಕೊಂಡುಕೊಂಡಿತು. ಅದರಿಂದ ಹೊರಬಂದ ಜಿಯೊ 2016ರ ಸೆಪ್ಟೆಂಬರ್ 5ರಂದು ಬಾಗಿಲು ತೆರೆದ ಮೇಲೆ 1 ಜಿಬಿಗೆ 200 ರೂಪಾಯಿಗೂ ಮೇಲಿದ್ದ ದರ ಕುಸಿದು ಹತ್ತಿಪ್ಪತ್ತು ರೂಪಾಯಿಗೆ ಬಂತು. ಮನೆಗೊಂದು ಫೋನು ಹಾಟ್‌ಸ್ಪಾಟ್ ಆಗುವುದು ಸಾಧ್ಯವಾದದ್ದು ಆ ಕುಸಿತದಿಂದ.

2022ರ ಅಕ್ಟೋಬರ್ 1ರಂದು 5ಜಿ ಬಂತು. ಅದರ ವೇಗವನ್ನು ಫೋನಿನಲ್ಲಿ ಖರ್ಚು ಮಾಡಲು ಜನರಿಗೆ ಹೆಚ್ಚಿನ ದಾರಿಗಳಿರಲಿಲ್ಲ. ಕಂಪನಿಗಳು ಮನೆಯತ್ತ ತಿರುಗಿದವು. 2023ರ ಆಗಸ್ಟ್‌ನಲ್ಲಿ ಏರ್‌ಟೆಲ್ ದೆಹಲಿ, ಮುಂಬೈಗಳಲ್ಲೂ ಸೆಪ್ಟೆಂಬರ್‌ನ ಗಣೇಶ ಚತುರ್ಥಿಯ ದಿನ ಜಿಯೊ ಬೆಂಗಳೂರು ಸೇರಿದಂತೆ ಎಂಟು ನಗರಗಳಲ್ಲೂ ಏರ್‌ಫೈಬರ್ ಹೆಸರಿನ ಸೇವೆ ಶುರುಮಾಡಿದವು. ಎರಡು ವರ್ಷ ತುಂಬುವುದರೊಳಗೆ ದೇಶದಲ್ಲಿ ಹೀಗೆ 5ಜಿ ಗಾಳಿಯಿಂದ ನೆಟ್ ಪಡೆಯುವ ಸಂಪರ್ಕಗಳು 70 ಲಕ್ಷ ದಾಟಿದವು. ತಂತಿಯ ಬ್ರಾಡ್‌ಬ್ಯಾಂಡ್ ನಾಲ್ಕು ಕೋಟಿ ಮುಟ್ಟಲು ಇಪ್ಪತ್ತು ವರ್ಷ ಬೇಕಾಯಿತು ಎಂಬುದನ್ನು ನೆನೆದರೆ ಇದು ಬಹಳ ದೊಡ್ಡ ಓಟ.

ಈಗ ಒಂದು ಮನೆಯ ಮುಂದೆ ಮೂರು ದಾರಿಗಳಿವೆ. ಮೊದಲನೆಯದು ಫೋನಿನ ಹಾಟ್‌ಸ್ಪಾಟ್. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ಆದರೆ ಫೋನು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಹಾಳಾಗುತ್ತದೆ, ಫೋನಿನ ಯಜಮಾನ ಪೇಟೆಗೆ ಹೋದರೆ ಮನೆಯ ನೆಟ್ಟೂ ಜೊತೆಗೇ ಹೋಗುತ್ತದೆ. ಶಾಲೆಗೆ ಹೋಗುವ ಮಗುವಿನ ಓದು ಅಪ್ಪನ ಓಡಾಟಕ್ಕೆ ಕಟ್ಟುಬಿದ್ದಿರುತ್ತದೆ. ದಿನಕ್ಕೆ 2 ಜಿಬಿ ಪ್ಲಾನ್ ಎಂದರೆ ಒಳ್ಳೆಯ ಗುಣಮಟ್ಟದ ವಿಡಿಯೊ ಸುಮಾರು ನಲವತ್ತು ನಿಮಿಷಕ್ಕೆ ಮುಗಿಯಿತು. ಅದಾದ ಮೇಲೆ ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ 2 ಎಂಬಿ ತೂಗುವ ಒಂದು ಫೋಟೊ ಕಳಿಸಲು ನಾಲ್ಕು ನಿಮಿಷಕ್ಕೂ ಹೆಚ್ಚು ಬೇಕು. ಸಂಜೆ ಏಳಕ್ಕೆ “ಡೇಟಾ ಖಾಲಿ” ಎಂದಾಗ ಮನೆಯ ಎಲ್ಲರ ಕೆಲಸವೂ ಒಟ್ಟಿಗೇ ನಿಲ್ಲುತ್ತದೆ.

ಎರಡನೆಯದು ಸಿಮ್ ಹಾಕುವ ರೂಟರ್. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅಂಗಡಿಯಲ್ಲಿ ಸರಿಯಾಗಿ ಹೇಳುವವರು ಕಡಿಮೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 300 ಎಂಬಿಪಿಎಸ್ ಎಂದು ಬರೆದಿರುತ್ತದೆ. ಅದು ರೂಟರಿನಿಂದ ನಿಮ್ಮ ಫೋನಿಗೆ ವೈಫೈ ಓಡುವ ವೇಗ. ಟವರ್‌ನಿಂದ ರೂಟರಿಗೆ ಬರುವ ವೇಗಕ್ಕೆ ಬೇರೆ ಮಿತಿಯಿದೆ. ಸಾಮಾನ್ಯವಾಗಿ ಸಿಗುವ ಕ್ಯಾಟ್ 4 ದರ್ಜೆಯ ರೂಟರಿನಲ್ಲಿ ಅದು ಹೆಚ್ಚೆಂದರೆ 150 ಎಂಬಿಪಿಎಸ್, ಮೇಲಕ್ಕೆ ಕಳಿಸಲು 50. ಹಳ್ಳಿಯ ಟವರ್‌ನಿಂದ ಅದರ ಹತ್ತನೇ ಒಂದು ಭಾಗ ಸ್ಥಿರವಾಗಿ ಸಿಕ್ಕರೂ ಸಮಾಧಾನ ಪಡಬೇಕು. ಇನ್ನೂ ಮುಖ್ಯವಾದದ್ದು ಬ್ಯಾಂಡ್. ಜಿಯೊ 4ಜಿಯನ್ನು 850, 1800, 2300 ಮೆಗಾಹರ್ಟ್ಸ್‌ಗಳಲ್ಲಿ ಓಡಿಸುತ್ತದೆ. ಬಿಎಸ್‌ಎನ್‌ಎಲ್‌ನ ಹೊಸ 4ಜಿ ಹೆಚ್ಚಾಗಿ 700 ಮತ್ತು 2100ರಲ್ಲಿದೆ. ಹಳೆಯ ರೂಟರುಗಳಲ್ಲಿ, ಕೆಲವು ಹಳೆಯ ಫೋನುಗಳಲ್ಲಿ 700ರ ಬ್ಯಾಂಡ್ ಇರುವುದೇ ಇಲ್ಲ. ಮನೆಯ ಎದುರೇ ಹೊಸ ಟವರ್ ನಿಂತಿದ್ದರೂ ಆ ಉಪಕರಣಕ್ಕೆ ಅದು ಕಾಣಿಸದು. ಕೊಳ್ಳುವಾಗ ಇನ್ನೊಂದನ್ನೂ ನೋಡಿಕೊಳ್ಳಬೇಕು: ಹಿಂಬದಿಯ ಆಂಟೆನಾ ತಿರುಗಿಸಿ ತೆಗೆಯಲು ಬರುತ್ತದೆಯೇ? ಬಂದರೆ ಅಲ್ಲಿಗೆ ಹೊರಗಿನ ದಿಕ್ಕಿನ ಆಂಟೆನಾದ ಕೇಬಲ್ ಸೇರಿಸಬಹುದು. ಕಣಿವೆಯ ಮನೆಗಳಿಗೆ ಬೇರೇನೂ ಕೊಡದ ಸಹಾಯವನ್ನು ಈ ಒಂದು ಸೌಲಭ್ಯ ಕೊಡುತ್ತದೆ.

ಮೂರನೆಯದು ಕಂಪನಿಯವರೇ ಬಂದು ಮಾಡಿನ ಮೇಲೋ ಬಾಲ್ಕನಿಯಲ್ಲೋ ರೇಡಿಯೊ ಪೆಟ್ಟಿಗೆ ಕೂರಿಸಿ, ಕೇಬಲ್ ಒಳಗೆ ತಂದು ವೈಫೈ ಹಚ್ಚಿಕೊಡುವ ಏರ್‌ಫೈಬರ್. ನನ್ನ ದೃಷ್ಟಿಯಲ್ಲಿ ಮನೆಗೆಂದೇ ರೂಪುಗೊಂಡ ಮೊಬೈಲ್ ಇಂಟರ್‌ನೆಟ್ ಎಂದರೆ ಇದೊಂದೇ. ಶುರುವಿನಲ್ಲಿ ಜಿಯೊ 30 ಎಂಬಿಪಿಎಸ್‌ಗೆ ತಿಂಗಳಿಗೆ 599 ರೂಪಾಯಿ, 100ಕ್ಕೆ 899 ಇಟ್ಟಿತ್ತು. ಏರ್‌ಟೆಲ್ 100ಕ್ಕೆ 799. ಎಲ್ಲದಕ್ಕೂ ಶೇ 18ರ ಜಿಎಸ್‌ಟಿ ಬೇರೆ. ಜಿಯೊದ ತಿಂಗಳ ಮಿತಿ 1000 ಜಿಬಿ. ತಾಸಿಗೆ 3 ಜಿಬಿ ತಿನ್ನುವ ಎಚ್‌ಡಿ ವಿಡಿಯೊವನ್ನು ದಿನಕ್ಕೆ ಹನ್ನೊಂದು ತಾಸು ನೋಡಿದರೂ ಅದು ಮುಗಿಯುವುದಿಲ್ಲ, ಆದ್ದರಿಂದ ಮಿತಿಯ ಬಗ್ಗೆ ಸಾಮಾನ್ಯ ಕುಟುಂಬ ತಲೆಕೆಡಿಸಿಕೊಳ್ಳಬೇಕಿಲ್ಲ. ಆದರೆ ಏರ್‌ಫೈಬರ್ ಎಂಬ ಹೆಸರಿನಲ್ಲಿ ಬರುವುದೆಲ್ಲ 5ಜಿಯಲ್ಲ. ಕೆಲವು ಕಡೆ ಜಿಯೊ ಬಳಸುವುದು ಯುಬಿಆರ್, ಅಂದರೆ ಯಾರೂ ಪರವಾನಗಿ ಪಡೆಯದೆ ಬಳಸಬಹುದಾದ 5 ಗಿಗಾಹರ್ಟ್ಸ್ ಆಸುಪಾಸಿನ ತರಂಗ. ಅದಕ್ಕೆ ಎದುರಿನ ಕಟ್ಟಡದ ರೇಡಿಯೊ ನೇರವಾಗಿ ಕಾಣಬೇಕು. ನಗರದಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ, ಪಕ್ಕದ ಸೈಟಿನಲ್ಲಿ ಇನ್ನೊಂದು ಮಹಡಿ ಏಳುವ ತನಕ.

ದರವನ್ನಷ್ಟೇ ಹೋಲಿಸಿದರೆ ಫೈಬರ್ ಇರುವ ಕಡೆ ಫೈಬರೇ ಅಗ್ಗ. 2020ರಿಂದಲೇ 30 ಎಂಬಿಪಿಎಸ್‌ನ ಜಿಯೊ ಫೈಬರ್ ಪ್ಲಾನ್ 399 ರೂಪಾಯಿಗೆ ಶುರುವಾಗುತ್ತಿತ್ತು, ಮಿತಿ 3300 ಜಿಬಿ. ಮನೆ ಬಾಗಿಲಿಗೆ ನೆಟ್ಟಗೆ ಎಳೆದ ಲೈನು ಸಿಗುವವರು ಈ ಲೇಖನದ ಉಳಿದ ಭಾಗ ಓದದೆ ಅದನ್ನೇ ಹಾಕಿಸಿಕೊಳ್ಳಬಹುದು. ಸಿಗದವರಿಗಾಗಿ ಮುಂದಿನ ಮಾತು.

ಮೊಬೈಲ್ ನೆಟ್ಟಿನ ಎಲ್ಲ ಗುಣದೋಷಗಳ ಬೇರು ಒಂದೇ: ಗಾಳಿ ಎಲ್ಲರದು. ಫೈಬರ್ ಎಳೆ ನಿಮ್ಮ ಮನೆಗೆಂದು ಬರುತ್ತದೆ. ಟವರ್‌ನ ತರಂಗ ಆ ದಿಕ್ಕಿನಲ್ಲಿರುವ ಎಲ್ಲ ಫೋನು, ಎಲ್ಲ ಮನೆಗಳಿಗೆ ಹಂಚಿಹೋಗುತ್ತದೆ. ಬೀದಿಯ ಕೊನೆಯ ಮನೆಯ ನಲ್ಲಿಯಲ್ಲಿ ಬೆಳಗಿನ ಹೊತ್ತು ನೀರು ಸಣ್ಣಗಾಗುವುದು ಯಾವ ಕಾರಣಕ್ಕೋ ಸಂಜೆ ನೆಟ್ ನಿಧಾನವಾಗುವುದೂ ಅದೇ ಕಾರಣಕ್ಕೆ. ಲೆಕ್ಕ ಹಾಕಿಯೇ ನೋಡೋಣ. ಸಾಮಾನ್ಯವಾಗಿ ಟವರ್‌ನ ಸುತ್ತಲನ್ನು ಮೂರು ದಿಕ್ಕುಗಳಾಗಿ ಹಂಚಿರುತ್ತಾರೆ. 20 ಮೆಗಾಹರ್ಟ್ಸ್‌ನ ಒಂದು 4ಜಿ ದಿಕ್ಕು ಪುಸ್ತಕದಲ್ಲಿ 150 ಎಂಬಿಪಿಎಸ್ ಕೊಡುತ್ತದೆ. ಹತ್ತಿರದವರು, ದೂರದವರು, ಗೋಡೆಯೊಳಗಿನವರು ಎಲ್ಲರೂ ಬೆರೆತಾಗ ಒಟ್ಟಾರೆ ಸರಾಸರಿ 30–40ಕ್ಕೆ ಇಳಿಯುತ್ತದೆ. ಒಂದು ಎಚ್‌ಡಿ ವಿಡಿಯೊಗೆ 5 ಎಂಬಿಪಿಎಸ್ ಬೇಕು. ಎಂಟು ಮನೆಗಳು ರಾತ್ರಿ ಒಂಬತ್ತಕ್ಕೆ ಐಪಿಎಲ್ ಹಚ್ಚಿದರೆ ಆ ದಿಕ್ಕು ತುಂಬಿತು. ಒಂಬತ್ತನೆಯ ಮನೆಯ ವಿದ್ಯಾರ್ಥಿಗೆ ಪಾಠದ ವಿಡಿಯೊ ಸುತ್ತುತ್ತಲೇ ಇರುತ್ತದೆ. ಸಿಗ್ನಲ್ ಪೂರ್ತಿ ಇದ್ದೂ ನೆಟ್ ಬರುತ್ತಿಲ್ಲ ಎಂಬ ಗೊಂದಲದ ಮೂಲ ಇಲ್ಲಿದೆ. ಪಾಯಿಂಟುಗಳು ಟವರ್‌ನ ದನಿ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು ತೋರಿಸುತ್ತವೆ, ನಿಮ್ಮ ಪಾಲಿಗೆ ಎಷ್ಟು ಉಳಿದಿದೆ ಎಂಬುದನ್ನಲ್ಲ.

5ಜಿಯಲ್ಲಿ ಈ ಲೆಕ್ಕ ದೊಡ್ಡದಾಗುತ್ತದೆ. 3.3 ಗಿಗಾಹರ್ಟ್ಸ್‌ನಲ್ಲಿ ಜಿಯೊ, ಏರ್‌ಟೆಲ್ ಕೈಯಲ್ಲಿ 100 ಮೆಗಾಹರ್ಟ್ಸ್‌ನಷ್ಟು ಅಗಲದ ಜಾಗವಿದೆ, ಆಂಟೆನಾ ಹಲವು ಕಿರಣಗಳನ್ನು ಬೇರೆ ಬೇರೆ ಮನೆಗಳತ್ತ ತಿರುಗಿಸಬಲ್ಲದು. ಒಂದು ದಿಕ್ಕಿನಲ್ಲಿ ಕೆಲವು ನೂರು ಎಂಬಿಪಿಎಸ್ ಸರಾಸರಿ ಸಿಗುತ್ತದೆ. ಎಂಟರ ಜಾಗದಲ್ಲಿ ನೂರರ ಆಸುಪಾಸು ಮನೆ ಹಿಡಿಸಬಹುದು, ಸಾವಿರ ಹಿಡಿಸುವುದಿಲ್ಲ. ಅಮೆರಿಕದಲ್ಲಿ 2022ರಿಂದೀಚೆಗೆ ಹೊಸ ಬ್ರಾಡ್‌ಬ್ಯಾಂಡ್ ಗ್ರಾಹಕರಲ್ಲಿ ಹೆಚ್ಚಿನವರು ಮೊಬೈಲ್ ಕಂಪನಿಗಳ ಮನೆ ಇಂಟರ್‌ನೆಟ್ಟಿಗೆ ಹೋದರು. ಅಲ್ಲಿ ಟಿ-ಮೊಬೈಲ್ ಒಂದು ಶಿಸ್ತು ಪಾಲಿಸುತ್ತದೆ: ಟವರ್‌ನ ಆ ದಿಕ್ಕಿನಲ್ಲಿ ಉಪಯೋಗವಾಗದೆ ಉಳಿದ ಸಾಮರ್ಥ್ಯ ಇರುವಷ್ಟು ಮನೆಗಳಿಗೇ ಸಂಪರ್ಕ, ಉಳಿದವರು ಸರದಿ ಕಾಯಬೇಕು. ಈ ಶಿಸ್ತು ನಮಗೆ ಇನ್ನೂ ಹೆಚ್ಚು ಬೇಕು, ಏಕೆಂದರೆ ನಮ್ಮ ಟವರ್‌ಗಳ ಮೇಲೆ ಫೋನುಗಳ ಹೊರೆಯೇ ಬಹಳ. ಭಾರತದ ಒಬ್ಬ ಮೊಬೈಲ್ ಬಳಕೆದಾರ ತಿಂಗಳಿಗೆ ಸರಾಸರಿ 20 ಜಿಬಿಯಷ್ಟು ಬಳಸುತ್ತಾನೆ. 1000 ಜಿಬಿಯ ಮಿತಿ ಮುಟ್ಟುವ ಒಂದು ಮನೆ ಐವತ್ತು ಫೋನುಗಳಿಗೆ ಸಮ. ಯಾವ ಟವರ್‌ಗೆ ಎಷ್ಟು ಮನೆ ಕಟ್ಟಲಾಗಿದೆ ಎಂಬುದು ಗ್ರಾಹಕನಿಗೆ ಕಾಣುವಂತಿರಬೇಕು ಎಂಬ ನಿಯಮವನ್ನು ಟ್ರಾಯ್ ತರಬೇಕು. ಇಲ್ಲವಾದರೆ ಮೊದಲ ವರ್ಷ ಹಾಕಿಸಿಕೊಂಡವರು ಹೊಗಳುತ್ತಾರೆ, ಅವರ ಮಾತು ಕೇಳಿ ಮೂರನೆಯ ವರ್ಷ ಹಾಕಿಸಿಕೊಂಡವರು ಕೊರಗುತ್ತಾರೆ.

ದೂರ ಮತ್ತು ವೇಗಗಳ ನಡುವಿನ ಚೌಕಾಸಿಯೂ ಇದೆ. 700 ಮೆಗಾಹರ್ಟ್ಸ್ ತರಂಗ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಅದರಲ್ಲಿ ಜಾಗ ಕಿರಿದು. 3.3 ಗಿಗಾಹರ್ಟ್ಸ್ ಅಗಲ, ಓಟ ಕಡಿಮೆ. 26 ಗಿಗಾಹರ್ಟ್ಸ್ ಅತಿ ವೇಗ, ಆದರೆ ಒಂದು ಮರದ ಎಲೆಗಳೇ ತಡೆಯುತ್ತವೆ. ನಮ್ಮ ಘಟ್ಟದ ಕೆಳಗೆ, ಮೇಲೆ ಇದರ ಪರಿಣಾಮ ಕಣ್ಣಿಗೆ ಕಾಣುವಂಥದ್ದು. ಬೇಸಿಗೆಯಲ್ಲಿ ಚೆನ್ನಾಗಿದ್ದ ಸಂಪರ್ಕ ಜುಲೈನಲ್ಲಿ ಕುಗ್ಗಿದರೆ ನೆನೆದ ಎಲೆಗಳತ್ತ ನೋಡಬೇಕು. ಎಲೆಯ ಮೇಲಿನ ನೀರು ತರಂಗವನ್ನು ನುಂಗುತ್ತದೆ. ಮಂಗಳೂರು ಹೆಂಚಿನ ಮಾಡು ಸಿಗ್ನಲ್ಲನ್ನು ಅಷ್ಟಾಗಿ ತಡೆಯುವುದಿಲ್ಲ. ಈಗ ಹೆಂಚಿನ ಮೇಲೆ ಸೋರದಿರಲೆಂದು ಹಾಕಿಸುವ ತಗಡಿನ ಶೀಟು ಚೆನ್ನಾಗಿ ತಡೆಯುತ್ತದೆ. ದಪ್ಪನೆಯ ಮುರಕಲ್ಲಿನ ಗೋಡೆ, ಕಾಂಕ್ರೀಟಿನ ತಾರಸಿಗಳೂ ಹಾಗೆಯೇ. ಆದ್ದರಿಂದ ರೂಟರನ್ನು ಟಿವಿ ಪಕ್ಕದ ಷೋಕೇಸಿನಲ್ಲಿ ಇಡುವುದಕ್ಕಿಂತ ಉಪ್ಪರಿಗೆಯಲ್ಲಿ, ಟವರ್ ಕಡೆಯ ಕಿಟಕಿಯಲ್ಲಿ ಇಟ್ಟು ಅಲ್ಲಿಂದ ಒಳಕ್ಕೆ ಲ್ಯಾನ್ ಕೇಬಲ್ ಎಳೆಯುವುದು ಮೇಲು.

ಮನೆಯವರು ಸಾಮಾನ್ಯವಾಗಿ ನೋಡುವುದು ಇಳಿವೇಗ (ಡೌನ್‌ಲೋಡ್). ತೊಂದರೆ ಮೊದಲು ಕಾಣಿಸುವುದು ಏರುವೇಗದಲ್ಲಿ (ಅಪ್‌ಲೋಡ್). ಟವರ್ ಹತ್ತಾರು ವಾಟ್ ಶಕ್ತಿಯಲ್ಲಿ ಕೂಗುತ್ತದೆ, ನಿಮ್ಮ ಫೋನು ಮರುನುಡಿಯುವುದು ಹೆಚ್ಚೆಂದರೆ ಕಾಲು ವಾಟ್‌ನಷ್ಟು ಶಕ್ತಿಯಲ್ಲಿ. ದೂರದ ಮನೆಗೆ ಟವರ್‌ನ ಮಾತು ಕೇಳಿಸಿದರೂ ಮನೆಯ ಮಾತು ಟವರ್‌ಗೆ ಕೇಳಿಸುವುದಿಲ್ಲ. ಸಿನಿಮಾ ಓಡುತ್ತದೆ, ಮೀಟಿಂಗಿನಲ್ಲಿ ನಿಮ್ಮ ಮುಖ ಮಾತ್ರ ನಿಂತುಬಿಡುತ್ತದೆ. ಮನೆಯಿಂದ ಕೆಲಸ ಮಾಡುವವರು, ಆನ್‌ಲೈನ್ ಪಾಠ ಹೇಳುವವರು, ಯಕ್ಷಗಾನದ ನೇರ ಪ್ರಸಾರ ಮಾಡುವವರು ಸಂಪರ್ಕ ಪಡೆಯುವ ಮುಂಚೆ ಏರುವೇಗವನ್ನೇ ಅಳೆದು ನೋಡಬೇಕು. ಜೊತೆಗೆ ಮೊಬೈಲ್ ಜಾಲದಲ್ಲಿ ನೂರಾರು ಗ್ರಾಹಕರು ಒಂದೇ ಹೊರಗಿನ ಐಪಿ ವಿಳಾಸವನ್ನು ಹಂಚಿಕೊಂಡಿರುತ್ತಾರೆ. ಹೊರಗಿನಿಂದ ನೇರವಾಗಿ ಮನೆಯ ಉಪಕರಣಕ್ಕೆ ದಾರಿ ಇರುವುದಿಲ್ಲ. ತೋಟದ ಸಿಸಿ ಕ್ಯಾಮೆರಾ ಹಾಕಿಸುವವರು ಕ್ಲೌಡ್ ಮೂಲಕ ನೋಡುವ ಬಗೆಯದನ್ನೇ ಕೊಳ್ಳಬೇಕಾಗುತ್ತದೆ. ಕೆಲವು ಕಚೇರಿಗಳ ವಿಪಿಎನ್ ಕೂಡ ಈ ಕಾರಣಕ್ಕೆ ತಕರಾರು ತೆಗೆಯುತ್ತದೆ. ಫೈಬರಿನಲ್ಲಿ ಸಾಮಾನ್ಯವಾಗಿ ಹತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬರುವ ಮರುತ್ತರ 4ಜಿಯಲ್ಲಿ ಐವತ್ತು ದಾಟುವುದು ಮಾಮೂಲು. ಸಿನಿಮಾಕ್ಕೆ ಇದು ಲೆಕ್ಕಕ್ಕಿಲ್ಲ, ಆಟವಾಡುವ ಹುಡುಗರಿಗೆ ಲೆಕ್ಕವಿದೆ.

ಇಷ್ಟೆಲ್ಲ ಹೇಳಿದ ಮೇಲೂ ಕಣಿವೆಯ ಒಂಟಿಮನೆಗಳ ಮಟ್ಟಿಗೆ ನಾನು ಗಾಳಿಯ ಸಂಪರ್ಕದ ಪರವೇ. ಐದು ಮನೆಗಾಗಿ ನಾಲ್ಕು ಕಿಲೋಮೀಟರ್ ಫೈಬರನ್ನು ವಿದ್ಯುತ್ ಕಂಬಗಳ ಮೇಲೆ ಎಳೆದರೆ ಮೊದಲ ಗಾಳಿಮಳೆಗೆ ಕೊಂಬೆ ಬೀಳುತ್ತದೆ, ಹರಿದ ಜಾಗ ಹುಡುಕಿ ಬೆಸೆಯುವವರು ತಾಲ್ಲೂಕು ಕೇಂದ್ರದಿಂದ ಬರಬೇಕು. ಟವರ್‌ಗೂ ಕಷ್ಟಗಳಿವೆ. ಕರೆಂಟು ಹೋದರೆ ಅದು ಬ್ಯಾಟರಿಯ ಮೇಲೆ, ಆಮೇಲೆ ಜನರೇಟರಿನ ಮೇಲೆ ನಿಲ್ಲಬೇಕು. ಡೀಸೆಲ್ ತುಂಬುವವರಿಲ್ಲದೆ, ಬ್ಯಾಟರಿ ಸತ್ತು, ಕರೆಂಟಿನ ಜೊತೆಗೇ ಸಿಗ್ನಲ್ಲೂ ಹೋಗುವ ಟವರ್‌ಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಊರಿನಲ್ಲಿ ಆಸ್ಪತ್ರೆಗೆ ಫೋನು ಮಾಡಲು ಇರುವುದೂ ಅದೇ ಟವರ್ ಎಂಬುದು ಇಲ್ಲಿನ ನಿಜವಾದ ಆತಂಕ. ಮನೆಯೊಳಗಿನ ರೂಟರಿಗೆ ಪುಟ್ಟ 12 ವೋಲ್ಟಿನ ಯುಪಿಎಸ್ ಕೊಂಡು ನಮ್ಮ ತುದಿಯನ್ನು ನಾವು ಕಾಯಬಹುದು. ಟವರ್‌ನ ತುದಿಯನ್ನು ಕಾಯುವ ಹೊಣೆ ಕಂಪನಿಗಳದು, ಅದನ್ನು ಕೇಳುವ ಹೊಣೆ ಸರ್ಕಾರದ್ದು.

2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಕಡೆಯ ಒಂದು ಚಿತ್ರ ದೇಶವೆಲ್ಲ ಹರಿದಾಡಿತು. ಸುರಿಯುವ ಮಳೆಯಲ್ಲಿ ರಸ್ತೆಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿರುವ ಹುಡುಗಿ, ಅವಳ ಮೇಲೆ ಕೊಡೆ ಹಿಡಿದು ನಿಂತ ತಂದೆ. ಮನೆಯಲ್ಲಿ ಫೋನಿತ್ತು, ರೀಚಾರ್ಜೂ ಇತ್ತು, ಸಿಗ್ನಲ್ ಇರಲಿಲ್ಲ. ಅದೇ ಹೊತ್ತಿನಲ್ಲಿ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳ ಯುವಕರು ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ ಎಂದು ಫಲಕ ಹಿಡಿದರು. ಇಂಥ ಊರುಗಳಿಗೆಂದೇ ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. 4ಜಿ ಇಲ್ಲದ 24,680 ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಮೂಲಕ ಅದನ್ನು ತಲುಪಿಸುವುದು ಗುರಿ. ಬಳಸಿದ್ದು ದೇಶದೊಳಗೇ ರೂಪಿಸಿದ ತಂತ್ರಜ್ಞಾನ: ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಕೋರ್ (ಜಾಲದ ಕೇಂದ್ರ ಭಾಗ), ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನ ರೇಡಿಯೊ, ಜೋಡಣೆ ಟಿಸಿಎಸ್‌ನದು. 2025ರ ಸೆಪ್ಟೆಂಬರ್‌ನಲ್ಲಿ ಒಡಿಶಾದ ಝಾರ್ಸುಗುಡದಲ್ಲಿ ಇದರ ಉದ್ಘಾಟನೆ ನಡೆಯಿತು. ಬೆಂಗಳೂರಿನಲ್ಲಿ ಹುಟ್ಟಿದ ರೇಡಿಯೊ ಪಶ್ಚಿಮಘಟ್ಟದ ತಪ್ಪಲಿನ ಮನೆಗೆ ನೆಟ್ ಕೊಡುವುದು ಸಂತೋಷದ ಸಂಗತಿ.

ಆದರೆ ಟವರ್ ನಿಲ್ಲಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಟವರ್‌ನಿಂದ ಹೊರಜಗತ್ತಿಗೆ ಹೋಗುವ ಕೊಂಡಿ ಯಾವುದು ಎಂಬುದೇ ನನ್ನ ಮಟ್ಟಿಗೆ ಈ ಇಡೀ ವಿಷಯದ ಜೀವ. 2019ರ ಡಿಸೆಂಬರ್‌ನಲ್ಲಿ ಶುರುವಾದ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಮಿಷನ್ ದೇಶದ ಶೇ 70ರಷ್ಟು ಟವರ್‌ಗಳಿಗೆ ಫೈಬರ್ ಮುಟ್ಟಿಸುವ ಗುರಿ ಹಾಕಿಕೊಂಡಿತ್ತು. ಐದು ವರ್ಷದ ನಂತರವೂ ಅರ್ಧಕ್ಕಿಂತ ಕಡಿಮೆ ಟವರ್‌ಗಳಿಗೆ ಅದು ಮುಟ್ಟಿದೆ. ಉಳಿದವು ಮೈಕ್ರೋವೇವ್ ಮೂಲಕ ಒಂದರಿಂದ ಇನ್ನೊಂದಕ್ಕೆ ಮಾತು ದಾಟಿಸುತ್ತವೆ. 2ಜಿ ಕರೆಗಳಿಗೆ ಸಾಲುತ್ತಿದ್ದ ಆ ಕೊಂಡಿ ನೂರು ಮನೆಯ ವಿಡಿಯೊ ಹೊರಲಾರದು. ಟವರ್‌ನಿಂದ ಮನೆಗೆ ಹೆದ್ದಾರಿ, ಟವರ್‌ನಿಂದಾಚೆ ಕಾಲುಹಾದಿ ಎಂಬ ಸ್ಥಿತಿಯಲ್ಲಿ ಎಷ್ಟೇ ಒಳ್ಳೆಯ ರೂಟರ್ ಕೊಂಡರೂ ಫಲವಿಲ್ಲ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಭಾರತ್‌ನೆಟ್ ಯೋಜನೆ 2011ರಲ್ಲೇ ಮಂಜೂರಾಯಿತು; 2023ರಲ್ಲಿ ಅದಕ್ಕೆ ಮತ್ತೆ 1.39 ಲಕ್ಷ ಕೋಟಿ ರೂಪಾಯಿ ಗೊತ್ತುಮಾಡಿದರು. ಪಂಚಾಯಿತಿ ಕಟ್ಟಡದ ಕಪಾಟಿನಲ್ಲಿ ಉರಿಯುವ ಆ ಫೈಬರ್ ಪೆಟ್ಟಿಗೆಯಿಂದ ಊರಿನ ಟವರ್‌ಗೆ ಎಳೆ ಸೇರಿಸಿದರೆ, ಟವರ್‌ನ ಸುತ್ತಲ ಮನೆಗಳಿಗೆ ಅದೇ ದಿನ ವ್ಯತ್ಯಾಸ ಗೊತ್ತಾಗುತ್ತದೆ. ಗಾಳಿಯ ನೆಟ್ ಬಂತಲ್ಲ, ಇನ್ನು ಫೈಬರ್ ಏಕೆ ಎಂಬ ಮಾತನ್ನು ಜನಪ್ರತಿನಿಧಿಗಳ ಬಾಯಲ್ಲಿ ಕೇಳಿದರೆ ಊರವರು ಒಪ್ಪಬಾರದು. ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಹಾಲಿನ ಡೇರಿ, ಸೊಸೈಟಿಗಳಿಗೆ ಎಳೆದ ಲೈನೇ ಬೇಕು. ಚದುರಿದ ಮನೆಗಳಿಗೆ ಗಾಳಿ ಸಾಕು. ಈ ಎರಡರ ನಡುವೆ ಹಣ ಹಂಚುವಾಗ ಮೊದಲ ಪಾಲು ನೆಲದಡಿಯ ಎಳೆಗೆ ಹೋಗಬೇಕು.

ಉಪಗ್ರಹದ ಇಂಟರ್‌ನೆಟ್ ಇವೆಲ್ಲವನ್ನೂ ಬದಲಿಸುತ್ತದೆ ಎನ್ನುವವರಿದ್ದಾರೆ. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಪರವಾನಗಿ ಸಿಕ್ಕಿದೆ. ಟವರ್ ಕಾಣದ ಮನೆಗಳಿಗೆ ಅದು ನಿಜಕ್ಕೂ ದಾರಿಯಾಗಬಹುದು, ಆದರೆ ತಿಂಗಳಿಗೆ ಏಳೆಂಟು ನೂರು ಕೊಡಲು ಯೋಚಿಸುವ ಕುಟುಂಬದ ಲೆಕ್ಕಕ್ಕೆ ಅದು ಸದ್ಯ ಹೊಂದುವಂತೆ ನನಗೆ ಕಾಣುವುದಿಲ್ಲ.

ಮನೆಗೆ ಮೊಬೈಲ್ ನೆಟ್ ಹಾಕಿಸುವ ಯೋಚನೆಯಲ್ಲಿರುವವರು ಹಣ ಕಟ್ಟುವ ಮುಂಚೆ ಕೆಲವು ಕೆಲಸ ಮಾಡಬಹುದು. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದಲ್ಲಿ ನಿಮ್ಮ ಊರಿನ ಸುತ್ತ ಯಾವ ಕಂಪನಿಯ ಟವರ್ ಎಲ್ಲಿದೆ ಎಂದು ನೋಡಬಹುದು. 2024ರಲ್ಲಿ ಟ್ರಾಯ್ ತಂದ ಗುಣಮಟ್ಟದ ನಿಯಮಗಳ ಪ್ರಕಾರ 2ಜಿ, 3ಜಿ, 4ಜಿ, 5ಜಿ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ಕಂಪನಿಗಳು ತಮ್ಮ ತಾಣದಲ್ಲಿ ಪ್ರಕಟಿಸಬೇಕು. ಆ ನಕ್ಷೆಯಲ್ಲಿ ನಿಮ್ಮ ಮನೆ ಬಣ್ಣದೊಳಗೆ ಇದ್ದು ನೆಟ್ ಬಾರದಿದ್ದರೆ ದೂರಿಗೆ ಅದೇ ಆಧಾರ. ಆಮೇಲೆ ನೆರೆಯವರಿಂದ, ನೆಂಟರಿಂದ ಬೇರೆ ಬೇರೆ ಕಂಪನಿಯ ಸಿಮ್ ಇರುವ ಫೋನು ತರಿಸಿ, ಮನೆಯ ಎತ್ತರದ ಜಾಗದಲ್ಲಿ ನಿಂತು ಅಳೆಯಬೇಕು. ಫೋನಿನ ಪಾಯಿಂಟು ನಂಬದೆ, ಸಿಗ್ನಲ್ ತೋರಿಸುವ ಆ್ಯಪ್‌ನಲ್ಲಿ ಆರ್‌ಎಸ್‌ಆರ್‌ಪಿ ಎಂಬ ಅಂಕಿ ನೋಡಿ. ಮೈನಸ್ 80ರ ಆಸುಪಾಸು ಚೆನ್ನ, ಮೈನಸ್ 100 ನಡೆದೀತು, ಮೈನಸ್ 110 ದಾಟಿದರೆ ಹೊರ ಆಂಟೆನಾ ಇಲ್ಲದೆ ಆಗದು. ಅದರ ಪಕ್ಕದ ಎಸ್‌ಐಎನ್‌ಆರ್ ಇಪ್ಪತ್ತರ ಹತ್ತಿರವಿದ್ದರೆ ತರಂಗ ಸ್ವಚ್ಛ, ಸೊನ್ನೆಗಿಂತ ಕೆಳಗಿದ್ದರೆ ಬೇರೆ ಟವರ್‌ಗಳ ಗದ್ದಲ ಹೆಚ್ಚು. ಆಂಟೆನಾ ಒಂದು ಮಾರು ಆಚೀಚೆ ಸರಿಸಿದರೂ ಈ ಅಂಕಿಗಳು ಬದಲಾಗುತ್ತವೆ.

ಟ್ರಾಯ್‌ನ ಮೈಸ್ಪೀಡ್ ಆ್ಯಪ್‌ನಲ್ಲಿ ವೇಗವನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ, ಭಾನುವಾರ ಒಮ್ಮೆ ಅಳೆಯಿರಿ. ತೀರ್ಮಾನಕ್ಕೆ ರಾತ್ರಿಯ ಅಂಕಿಯೇ ಆಧಾರವಾಗಲಿ. ಏರುವೇಗ 3 ಎಂಬಿಪಿಎಸ್‌ಗಿಂತ ಕೆಳಗಿದ್ದರೆ ಮನೆಯಿಂದ ಕೆಲಸ ಮಾಡುವವರು ಇನ್ನೊಂದು ಕಂಪನಿಯನ್ನು ನೋಡುವುದು ಒಳ್ಳೆಯದು. ಏರ್‌ಫೈಬರ್ ಹಾಕಲು ಬಂದವರನ್ನು ಇದು 5ಜಿಯೋ ಯುಬಿಆರೋ ಎಂದು ಕೇಳಿ, ಮಿತಿ ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂದೂ ಕೇಳಿ. ಆರು ತಿಂಗಳ, ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಜೋಡಣೆ ಉಚಿತ ಎಂಬ ಕೊಡುಗೆ ಬರುತ್ತದೆ. ಬೇಸಿಗೆಯಲ್ಲಿ ಹಾಕಿಸುವವರು ಆ ಕೊಡುಗೆಗೆ ಒಪ್ಪುವ ಬದಲು ತಿಂಗಳ ಲೆಕ್ಕದಲ್ಲಿ ತೆಗೆದುಕೊಂಡು, ಒಂದು ಮಳೆಗಾಲ ಕಳೆದ ಮೇಲೆ ವರ್ಷದ ಪ್ಲಾನ್ ಮಾಡಿಸಲಿ.